ಅಲ್ಲಾಡಿದ ಫೋಟೋಗಳು

ಕ್ಯಾಪ್ಟನ್ ಎಂದೂ ಕ್ಯಾಪ್ಟನ್ ಆಗಿರಲಿಲ್ಲ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಕ್ಯಾಮೆರಾ ಹಿಡಿದಿದ್ದನೇ ಹೊರತು ಯಾರಿಗೂ ಒಂದು ಅಪ್ಪಣೆ ಕೊಟ್ಟವನಲ್ಲ. ಆ ಹೆಸರಿಟ್ಟವಳು ಫೋಟೋ ಕ್ಲಾಸಿನಲ್ಲಿ ಅವನ ಪಕ್ಕ ಕೂರುತ್ತಿದ್ದ ಬೀದಿ ಗುಡಿಸುವ ಹೆಂಗಸು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬಾಯಿಗೆ ಬೀಗ ಹಾಕುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಕ್ಲಾಸು ನಡೆಯುತ್ತಿದ್ದುದು ಆಸ್ಪತ್ರೆಯ ಹಿಂದಿನ ಹಳೆಯ ಲಾಂಡ್ರಿ ಕೋಣೆಯಲ್ಲಿ. ಗೋಡೆಗಳಿಗೆ ಇನ್ನೂ ಸೋಪಿನ ವಾಸನೆಯಿತ್ತು. ಯುದ್ಧದಿಂದ ಬಂದು ನಿದ್ದೆಗೆಟ್ಟವರು ಮೂವರು, ರೈಲು ಹಳಿಯಾಚೆಯ ತಗಡಿನ ಮನೆಗಳವರು ಐವರು. ಇವರನ್ನು ಒಟ್ಟಿಗೆ ಕೂರಿಸಿ ಕೈಗೆ ಕ್ಯಾಮೆರಾ ಕೊಟ್ಟರೆ ಎಲ್ಲರ ಎದೆಯೂ ಹಗುರಾಗುತ್ತದೆಂದು ಯಾರೋ ದೊಡ್ಡವರು ಬರೆದಿದ್ದರಂತೆ. ಕಾಗದಕ್ಕೇನು, ಬರೆದದ್ದನ್ನೆಲ್ಲ ಹೊತ್ತುಕೊಳ್ಳುತ್ತದೆ. ಆದರೆ ಕಲಿಸುವ ಮೇಡಂ ಮಾತ್ರ ನಿಜಕ್ಕೂ ಒಳ್ಳೆಯವಳು.

ಕ್ಯಾಪ್ಟನ್ ಅಲ್ಲಿಗೆ ಹೋದದ್ದು ಮಗಳ ಮಾತಿಗೆ ಕಟ್ಟುಬಿದ್ದು. ನಾಲ್ಕು ವರ್ಷದ ಮೊಮ್ಮಗಳು ಮಧ್ಯಾಹ್ನ ಮಲಗಿದ್ದಾಗ ಅವನು ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರಿದೆಯೇ ಎಂದು ನೋಡಿದ್ದ. ಒಂದು ಸಲವಲ್ಲ, ಹತ್ತು ಸಲ. ಕೊನೆಯ ಸಲ ಮಗು ಎಚ್ಚೆತ್ತು, ಮುಖದ ಮೇಲೆ ಬಾಗಿದ್ದ ಅಜ್ಜನನ್ನು ಕಂಡು ಕಿಟಾರನೆ ಕಿರುಚಿತು. ಮೂರು ದಿನ ಜ್ವರ ಬಿಡಲಿಲ್ಲ.

"ಹನ್ನೆರಡು ವಾರ ಆ ಕ್ಲಾಸಿಗೆ ಹೋಗಿ ಬಾ ಅಪ್ಪಾ. ಆಮೇಲೆ ಬೇಕಾದ್ರೆ ನಮ್ಮ ಜೊತೇಲೇ ಇರು," ಎಂದಿದ್ದಳು ಮಗಳು. ಅವಳು ಕೆಟ್ಟವಳಲ್ಲ. ಹೆತ್ತವಳು ಮತ್ತೇನು ಮಾಡಿಯಾಳು? ಅಂದಿನಿಂದ ಅವನು ಬಾಡಿಗೆಯ ಒಂಟಿ ಕೋಣೆಯಲ್ಲಿ ವಾರ ಎಣಿಸುತ್ತಿದ್ದ.

ಮಗಳಿಗೆ ಒಂದು ವಿಷಯ ಗೊತ್ತಿರಲಿಲ್ಲ. ಅಪ್ಪ ಕವಾಯತು, ಪದಕ, ದೊಡ್ಡವರ ಕೈಕುಲುಕು ಇಂಥವುಗಳ ಫೋಟೋ ತೆಗೆಯುತ್ತಿದ್ದನೆಂದೇ ಅವಳು ನಂಬಿದ್ದಳು. ಅವನು ಹೇಳಿದ್ದೇ ಅಷ್ಟು. ಕೊನೆಯ ಹನ್ನೊಂದು ವರ್ಷ ಅವನು ತೆಗೆದದ್ದು ಸತ್ತವರನ್ನು. ಯಾವ ಹೆಣ ಯಾವ ಮನೆಗೆ ಎಂದು ತಿಳಿಯಲು ಮುಖದ ಗುರುತು ಬೇಕಲ್ಲ. ರಕ್ತ ಒರೆಸಬೇಕು, ಕೂದಲು ಹಿಂದಕ್ಕೆ ತಳ್ಳಬೇಕು, ನೇರವಾಗಿ ಒಂದು, ಕಿವಿ ಕಾಣುವಂತೆ ಎರಡು ಪಕ್ಕದಿಂದ ಒಂದೊಂದು ತೆಗೆಯಬೇಕು. ಅವಸರವಿಲ್ಲದ ಕೆಲಸ. ಅವರು ಯಾರೂ ಅಲ್ಲಾಡುತ್ತಿರಲಿಲ್ಲ.

ಕ್ಲಾಸಿನಲ್ಲೂ ಅವನ ಕೈ ಹಳೆಯ ದಾರಿಯನ್ನೇ ಹಿಡಿಯಿತು. ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಹಣೆಯ ಕೂದಲು ಸರಿಸಿ, ಉಸಿರು ಬಿಗಿಹಿಡಿಯಲು ಹೇಳಿ ಫೋಟೋ ತೆಗೆದ. ಅದನ್ನು ನೋಡಿ ಅಕ್ಕ ಬೆಚ್ಚಿಬಿದ್ದಳು.

"ಅಯ್ಯೋ ಕ್ಯಾಪ್ಟನ್, ಬದುಕಿರೋವಾಗಲೇ ನನ್ನ ಕಥೆ ಮುಗಿಸಿಬಿಟ್ಟೆಯಲ್ಲೋ! ನಮ್ಮನೆಯವರು ಇದನ್ನ ನೋಡಿದ್ರೆ ಇವತ್ತೇ ಇನ್ನೊಬ್ಬಳನ್ನ ಹುಡುಕ್ಕೊಂಡು ಹೊರಡ್ತಾರೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಮುಖ ಮಾತ್ರ ಸುಣ್ಣದ ಹಾಗೆ ಬಿಳಿಚಿಕೊಂಡಿತು. ಕ್ಲಾಸು ಮುಗಿದ ಮೇಲೆ ಮೇಡಂ ಒಬ್ಬಳಿಗೇ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು, ಮೂರು ಕಾಲಿನ ಸ್ಟ್ಯಾಂಡೊಂದನ್ನು ತಂದಿಟ್ಟು, ಕ್ಯಾಮೆರಾದ ಗುಂಡಿ ತಿರುಗಿಸಿದಳು.

"ಶಟರ್ ನಿಧಾನ ಮಾಡಿದೀನಿ. ಅರ್ಧ ಸೆಕೆಂಡು ತೆರೆದಿರುತ್ತೆ. ಯಾರು ಅಲ್ಲಾಡಿದ್ರೂ ಮಸುಕಾಗಿ ಬರ್ತಾರೆ. ಹಾಗೇ ತೆಗೀರಿ, ಪರವಾಗಿಲ್ಲ."

ಮರುದಿನ ಬೆಳಿಗ್ಗೆ ಅಕ್ಕ ಬೀದಿ ಗುಡಿಸುತ್ತಿದ್ದುದನ್ನು ತೆಗೆದ. ಪೊರಕೆಯೂ ಕಾಣಲಿಲ್ಲ, ಕೈಯೂ ಕಾಣಲಿಲ್ಲ. ಧೂಳಿನ ನಡುವೆ ಬರಿ ಬಣ್ಣದ ಹೊಯ್ದಾಟ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಮುಖವೂ ಹೀಗೆ ಮಸುಕಾಗಿರಲಿಲ್ಲ. ಅಲ್ಲಾಡಿತೆಂದರೆ ಜೀವವಿದೆ ಎಂದಾಯಿತು!

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಬಸ್ಸಿಗೆ ನುಗ್ಗುವ ಜನ, ಹಿಟ್ಟು ನಾದುವ ಬೇಕರಿಯವನ ತೋಳು, ಜಗಳವಾಡುವ ಗಂಡಹೆಂಡಿರು, ಎಲ್ಲವೂ ಮಸುಕು, ಎಲ್ಲವೂ ಜೀವಂತ. ರಾತ್ರಿ ನಿದ್ದೆ ಬರತೊಡಗಿತು. "ಇನ್ನು ಮಗಳಿಗೂ ಹೇಳಿಬಿಡಿ," ಎಂದು ಮೇಡಂ ಎರಡು ಸಲ ಅಂದಳು. ಇವನು "ಹೇಳೋಣ, ಹೇಳೋಣ" ಎಂದು ಜಾರಿಕೊಂಡ. ಮದ್ದು ಹತ್ತಿತೆಂದು ಎಲ್ಲರೂ ತಿಳಿದರು. ರೋಗವೇ ಮದ್ದಿನ ವೇಷ ಹಾಕಿ ಕೂತಿದ್ದು ಯಾರಿಗೂ ಹೊಳೆಯಲಿಲ್ಲ.

ಹನ್ನೆರಡನೆಯ ವಾರ ಲಾಂಡ್ರಿ ಕೋಣೆಯ ಗೋಡೆಗಳ ತುಂಬ ಫೋಟೋ ತೂಗುಹಾಕಿದರು. ಮಗಳು ಮೊಮ್ಮಗಳ ಕೈಹಿಡಿದು ಬಂದಳು. ಅಪ್ಪನ ಫೋಟೋಗಳನ್ನು ಒಂದೊಂದಾಗಿ ನೋಡಿ, ಕಣ್ಣು ಒದ್ದೆ ಮಾಡಿಕೊಂಡು ನಕ್ಕಳು.

"ಎಷ್ಟು ಚೆನ್ನಾಗಿವೆ ಅಪ್ಪಾ. ಪುಟ್ಟೀದೂ ಒಂದು ತೆಗಿ. ಆಮೇಲೆ ಮನೆಗೆ ಹೋಗೋಣ."

ಮನೆಗೆ! ಮೂರು ತಿಂಗಳಿಂದ ಕಾದಿದ್ದ ಮಾತು. ಅವನು ಸ್ಟ್ಯಾಂಡ್ ನಿಲ್ಲಿಸಿದ. ಮಗಳು ಪುಟ್ಟಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹಣೆಯ ಕೂದಲು ಹಿಂದಕ್ಕೆ ತಳ್ಳಿ, "ಅಜ್ಜ ಫೋಟೋ ತೆಗೆಯೋವರೆಗೂ ಅಲ್ಲಾಡಬಾರದು, ಆಯ್ತಾ ಬಂಗಾರ?" ಎಂದಳು. ಪುಟ್ಟಿ ಹೇಳಿದ ಮಾತು ಕೇಳುವ ಮಗು. ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿ ಕೂತಿತು.

ಅವನು ಗುಂಡಿ ಒತ್ತಿದ. ಮುಖ ಸ್ವಚ್ಛವಾಗಿ ಮೂಡಿತು. ಒಂದೊಂದು ರೆಪ್ಪೆಕೂದಲೂ ಎಣಿಸುವ ಹಾಗಿತ್ತು.

"ಸ್ವಲ್ಪ ಅಲ್ಲಾಡು ಪುಟ್ಟಿ," ಎಂದ. ಮಗು ಒಂದು ಕಣ್ಣು ತೆರೆದು ಅಮ್ಮನನ್ನು ನೋಡಿತು. ಅಮ್ಮ ನಗುತ್ತಲೇ ಬೇಡವೆಂದು ತಲೆಯಾಡಿಸಿದಳು. ಕಣ್ಣು ಮತ್ತೆ ಮುಚ್ಚಿಕೊಂಡಿತು. ಇನ್ನೊಂದು ಫೋಟೋ ತೆಗೆದ, ಅದೂ ಸ್ವಚ್ಛ.

"ಅಲ್ಲಾಡು ಅಂದೆ! ಅಲ್ಲಾಡೇ!"

ಅವನು ಮುನ್ನುಗ್ಗಿ ಮಗುವಿನ ಎರಡೂ ಭುಜ ಹಿಡಿದು ಅಲುಗಿಸತೊಡಗಿದ. ಎಳೆಯ ಕುತ್ತಿಗೆ ಹಿಂದಕ್ಕೂ ಮುಂದಕ್ಕೂ ವಾಲಾಡಿತು. ಸ್ಟೂಲು ಉರುಳಿತು. ಚೀರಾಟ ಕೇಳಿದ ಮೇಲೂ ಅವನ ಕೈ ನಿಲ್ಲಲಿಲ್ಲ; ಅಕ್ಕ ಹಿಂದಿನಿಂದ ತಬ್ಬಿ ಎಳೆಯಬೇಕಾಯಿತು.

"ಏನಪ್ಪಾ ಮಾಡ್ತಿದೀಯ ನೀನು?" ಮಗಳು ಮಗುವನ್ನು ಕಿತ್ತುಕೊಂಡಳು.

ಆಗ ಅವನು ಹೇಳಿದ. ಸಾವಧಾನವಾಗಿ ಹೇಳಬಹುದಾಗಿದ್ದುದನ್ನು ಇಂಥ ಕೆಟ್ಟ ಗಳಿಗೆಯಲ್ಲಿ, ಎಲ್ಲರೆದುರು, ತೊದಲುತ್ತ ಹೇಳಿದ. ಕವಾಯತು ಸುಳ್ಳು ಎಂದ. ಒರೆಸಿದ ಮುಖಗಳ, ತಿರುಗಿಸಿದ ಕತ್ತುಗಳ ವಿಷಯ ಹೇಳಿದ. ಅವರಲ್ಲಿ ಮಕ್ಕಳೂ ಇದ್ದರು, ಪುಟ್ಟಿಯೂ ಅವರ ಹಾಗೇ ಕೂತಿದ್ದಳು ಎಂದ. ಮಗಳು ಮಗುವಿನ ಒಂದು ಕಿವಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದನ್ನು ಅಂಗೈಯಿಂದ ಮುಚ್ಚಿ, ಕೊನೆಯ ಮಾತಿನವರೆಗೂ ಕೇಳಿದಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅದನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು.

ಅವಳು ಹತ್ತಿರ ಬಂದು ಅವನ ಕೈ ಹಿಡಿದುಕೊಂಡಳು.

"ಇಷ್ಟು ವರ್ಷ ಒಬ್ಬನೇ ಹೇಗೆ ತಡ್ಕೊಂಡಿದ್ದೆ ಅಪ್ಪಾ," ಎಂದಳು. "ನಂಗೆ ಎಲ್ಲಾ ಅರ್ಥ ಆಯ್ತು. ಅದಕ್ಕೇ ಹೇಳ್ತಿದೀನಿ. ನೀನು ಮನೆಗೆ ಬರಬೇಡ."