ಮೊಳೆಯ ಮೇಲಿನ ಕೇಬಲ್

ಆಫೀಸು ಗುಡಿಸಿ ಒರೆಸುವ ಹುಡುಗಿ ಒಣಬಟ್ಟೆಯಿಂದ ಸ್ವಿಚ್ಚಿನ, ಅಂದರೆ ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಪೆಟ್ಟಿಗೆಯ, ಧೂಳು ಒರೆಸುತ್ತಿದ್ದಳು. ಆಫೀಸಿನ ನೆಟ್‌ವರ್ಕ್ ಕೆಟ್ಟಿತ್ತು. ಅದನ್ನು ನೋಡಿಕೊಳ್ಳುವ ಅವಳ ಚಿಕ್ಕಪ್ಪ ಗೋಡೆಯ ಮೊಳೆಯ ಮೇಲಿದ್ದ ಕೇಬಲ್ ತೆಗೆದು, ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಿಚ್ಚಿನಲ್ಲಿ ಖಾಲಿಯಿದ್ದ ನಾಲ್ಕೂ ಪೋರ್ಟುಗಳಿಗೆ ಚುಚ್ಚಿ ನೋಡಿದ. ಒಂದರಲ್ಲೂ ದೀಪ ಹತ್ತಲಿಲ್ಲ.

"ಏನೇ ತಾಯಿ, ಸ್ವಿಚ್ಚಿಗೂ ಸ್ನಾನ ಮಾಡಿಸಿದ್ಯಾ?" ಎಂದು ಅವಳ ಮೇಲೆ ರೇಗಿದ.

"ನಾಳೆಯಿಂದ ನಿಮ್ಮ ಅಣ್ಣನ ಮಗಳು ಕೆಲಸಕ್ಕೆ ಬರೋದು ಬೇಡ," ಎಂದು ಚಿಕ್ಕಪ್ಪನಿಗೆ ಹೇಳಿ, ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಹೊಸ ಸ್ವಿಚ್ಚು ತರಿಸಲು ಅಂಗಡಿಗೆ ಫೋನ್ ಹಚ್ಚಿದ.

ಅವಳು ಬಟ್ಟೆಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ಕೆಟ್ಟ ಕೇಬಲನ್ನು ಬಿಸಾಡಲು ಮನಸ್ಸು ಬಾರದೆ ಮೊಳೆಗೇ ತೂಗುಹಾಕುವುದು ಚಿಕ್ಕಪ್ಪನ ಹಳೆಯ ಚಾಳಿ. ತುದಿಯ ಕ್ಲಿಪ್ಪು ಮುರಿದು ಸಂಪರ್ಕ ಸಿಗದ ಇದೇ ನೀಲಿ ಕೇಬಲನ್ನು ನಿನ್ನೆ ಅವನು ಬೈದುಕೊಂಡು ತೂಗುಹಾಕಿದ್ದನ್ನು ಅವಳು ಕಂಡಿದ್ದಳು. ಮೊದಲ ಸಲ ಅವಳು ಮೆಲ್ಲಗೆ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ದನಿ ಏರಿಸಿ ಮತ್ತೆ ಹೇಳಿದಳು:

"ಚಿಕ್ಕಪ್ಪಾ, ಒಂದ್ಸಲ ಬೇರೆ ಕೇಬಲ್ ಹಾಕಿ ನೋಡಿ."