ಹೋರಿಗೆ ಜಾಗ ಬಿಡ್ರಿ

ಕುಣಿಯಲಾರದವನಿಗೆ ಅಂಗಳ ಡೊಂಕು, ವೆಬ್ ಡಿಸೈನ್ ಕಲಿತವನಿಗೆ ಊರೇ ಡೊಂಕು. ಗಾದೆ ಹಾಗಿಲ್ಲ ಎಂದು ಕ್ಯಾತೆ ತೆಗೆಯುವವರು ಸಿಂದಗಿ ಬಸ್‌ಸ್ಟ್ಯಾಂಡ್ ಎದುರಿನ ಪರಶುವಿನ ಫ್ಲೆಕ್ಸ್ ಅಂಗಡಿಗೆ ಒಮ್ಮೆ ಬಂದು ಹೋಗಬೇಕು. ಕತೆ ಮಾತ್ರ ಅಪ್ಪಟ ಖರೆ. ಬೇಕಾದರೆ ಹೋರಿಯ ಆಣೆ. ಹೋರಿ ಮುಂದೆ ಬರುತ್ತದೆ.

ಪರಶು ತಾಲೂಕಿನ ಸಕಲ ಹುಟ್ಟುಹಬ್ಬಗಳ ಬ್ಯಾನರ್‌ಕರ್ತ. ಒಂದೇ ಬ್ಯಾನರಿನಲ್ಲಿ ಊರಿಗೂರನ್ನೇ ತುರುಕಿ, ಮುಖಗಳ ಸಂದಿಯಲ್ಲಿ ಗುಲಾಬಿ ತುರುಕಿ, ಗುಲಾಬಿಯ ಸಂದಿಯಲ್ಲಿ ಹುಲಿ ತುರುಕಿದ ಕೈ ಅದು. ಅಂಥವನು ಮೊಬೈಲಿನಲ್ಲಿ ವೆಬ್ ಡಿಸೈನ್ ಪಾಠ ಕೇಳಿದ್ದೇ ಕೇಳಿದ್ದು, ದೀಕ್ಷೆ ಪಡೆದವನಂತಾದ. ‘ಖಾಲಿ ಜಾಗವೂ ಮಾತಾಡುತ್ತದೆ’ ಎಂಬುದು ಹೊಸ ಮಂತ್ರ. ಚಹಾದಂಗಡಿಯ ಬೋರ್ಡು ನೋಡಿ, “ಇಷ್ಟ್ಯಾಕ್ರಿ ಬಣ್ಣ, ಎರಡು ಸಾಕು” ಎಂದ. ಸೋದರತ್ತೆ ಶೆಟ್ಟೆವ್ವನ ರಂಗೋಲಿ ಎಡಕ್ಕೆ ವಾಲೈತಿ ಎಂದ. ಆಕೆ ಕೊಟ್ಟ ಏಟಿಗೆ ಇವನು ಬಲಕ್ಕೆ ವಾಲಿದ.

ಪಕ್ಕದ ಮೊಬೈಲ್ ಅಂಗಡಿಯ ಅಫ್ತಾಬನಿಗೆ ಗೆಳೆಯನ ಈ ಜ್ಞಾನೋದಯ ನುಂಗಲಾರದ ತುತ್ತಾಗಿತ್ತು. ಅಫ್ತಾಬ ಬಿ.ಎ. ಓದಿದ್ದ. ಓದಿದ್ದಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಮಿಮಿಕ್ರಿ. ಕಂಡಕ್ಟರನ ದನಿಯಲ್ಲಿ “ರೈಟ್” ಎಂದು ಕೂಗಿ ಕಲಬುರಗಿ ಬಸ್ಸನ್ನು ಹೊರಡಿಸಿದ ಕೀರ್ತಿ ಅವನದು. ಕಂಡಕ್ಟರ್ ಆಗಿನ್ನೂ ಕೆಳಗೆ ಎಲೆಯಡಿಕೆ ಹಾಕುತ್ತಿದ್ದ.

ಈ ನಡುವೆ ವಿಜಯಪುರದ ಒಂದು ವೆಬ್ ಸ್ಟುಡಿಯೋದಲ್ಲಿ ಕೆಲಸ ಖಾಲಿ ಇದೆಯೆಂದು ಪರಶು ತನ್ನ ಪೋರ್ಟ್‌ಫೋಲಿಯೊ ಕಳಿಸಿದ. ಅದರಲ್ಲಿ ಪ್ಯಾರಿಸ್ಸಿನ ಕಾಫಿ ಅಂಗಡಿ, ದುಬೈಯ ಯೋಗಶಾಲೆ, ಸ್ವಿಟ್ಜರ್ಲೆಂಡಿನ ಗಡಿಯಾರದ ಕಂಪನಿ. ಎಲ್ಲ ಗಿರಾಕಿಗಳೂ ಅವನೇ ಹೆತ್ತ ಮಕ್ಕಳು. ಸ್ವತಃ ಅವನು ಪಕ್ಕದ ಇಂಡಿ ತಾಲೂಕಿನ ಆಚೆ ಹೋದದ್ದು ಬಸ್ಸಿನಲ್ಲಿ ನಿದ್ದೆ ಹತ್ತಿದಾಗ. ಸ್ಟುಡಿಯೋದ ಸೌಂದರ್ಯಾ ಮೇಡಂ ಉತ್ತರ ಬರೆದರು: ‘ಚೆನ್ನಾಗಿದೆ. ಉಸಿರಾಡುವ ಗಿರಾಕಿಗೆ ಮಾಡಿದ ಒಂದು ಕೆಲಸ ಸೋಮವಾರದೊಳಗೆ ಕಳಿಸಿ. ಇಲ್ಲವಾದರೆ ಕ್ಷಮಿಸಿ.’

“ಈ ಊರಾಗ ಖಾಲಿ ಜಾಗ ಬಿಡಾಕ ಯಾವ ಗಿರಾಕಿ ಒಪ್ತಾನಲೇ?” ಎಂದು ಪರಶು ತಲೆ ಹಿಡಿದುಕೊಂಡ. ಅಫ್ತಾಬ ಎದ್ದು ತನ್ನ ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಯಲ್ಲಿದ್ದ ಹಳೆಯ ಸಿಮ್ಮೊಂದನ್ನು ಹುಡುಕಿ ಫೋನಿಗೆ ಹಾಕಿ, ದನಿ ಬದಲಿಸಿ ಪರಶುವಿಗೇ ಹಚ್ಚಿದ.

“ಹಲೋ, ಗೊಳಸಂಗಿ ಹಣಮಂತ್ರಾಯಗೌಡ ಮಾತಾಡಾಕತ್ತೇನಿ. ನಮ್ಮ ಖಿಲಾರಿ ಹೋರಿಗೆ ಒಂದ್ ವೆಬ್‌ಸೈಟ್ ಬೇಕಾಗೇತಿ.”

“ಹೋರಿಗ್ರಿ?”

“ಯಾಕ, ಮಂದಿಗೆ ಮಾಡ್ತಿ, ಹೋರಿಗೆ ಆಗಂಗಿಲ್ಲೇನು? ಮಂದಿಗಿಂತ ನೆಟ್ಟಗ ನಿಂತು ಫೋಟೋ ತಗಸ್ಕೊಂತೈತಿ.”

ಗೌಡರು ಕಳಿಸಿದ ಫೋಟೋ ಅಗರಖೇಡದಲ್ಲಿರುವ ಅಫ್ತಾಬನ ಕಾಕಾ ಶಹಾಬುದ್ದೀನನ ಸರದಾರನದು. ತಳಿಗೆ ಬಿಡುವ ಹೋರಿ, ಬೆನ್ನ ಮೇಲೆ ಗೋಪುರದಂಥ ಇಣಿ. ಪರಶು ಊಟ ಮರೆತು ಪುಟ ಕಟ್ಟಿದ. ಬಿಳಿಯ ಬಯಲಿನ ನಡುವೆ ಸರದಾರ ಒಬ್ಬನೇ ನಿಂತಿದ್ದ. ಕೆಳಗೆ ಗೌಡರ ಹೆಸರು, ಊರು, ಫೋನ್ ನಂಬರು, ಅಷ್ಟೇ.

ಅಫ್ತಾಬ ಕಾಯುತ್ತಿದ್ದದ್ದೇ ಇದಕ್ಕೆ. “ತಮ್ಮಾ, ಸುತ್ತೆಲ್ಲ ಬೀಳು ಬಿಟ್ಟೀಯಲ್ಲೋ! ನಮ್ಮ ಹಿತೈಷಿಗಳೆಲ್ಲಿ? ಅಣ್ತಮ್ಮರು, ಅಳಿಯಂದಿರು, ಸೊಸೈಟಿ ಚೇರಮನ್ನ, ಎಲ್ಲಾರನೂ ಹೋರಿ ಸುತ್ತ ನಿಂದ್ರಸು.”

ಪರಶು ಪಟ್ಟು ಬಿಡಲಿಲ್ಲ. “ಗೌಡ್ರ, ಕೊಟ್ಟಿಗ್ಯಾಗ ನಿಮ್ಮ ಹೋರಿ ಸುತ್ತ ಮಂದಿ ನಿಂದ್ರಸ್ತೀರೇನ್ರಿ?”

“ಹುಚ್ಚನೇನಲೇ? ಕೋಡಿಲೆ ಹಾಯ್ತೈತಿ!”

“ಅದಕ್ಕs ಜಾಗ ಬಿಟ್ಟೇನ್ರಿ. ಹತ್ತರ ಯಾರೂ ಇಲ್ಲಂದ್ರನs ನೋಡಾವಗ ತಿಳೀತೈತಿ, ಇದು ಅಂತಿಂಥ ಹೋರಿ ಅಲ್ಲಂತ.”

ಗೌಡರಿಗೆ ಕೆಮ್ಮು ಬಂತು. ಖಾಲಿ ಜಾಗ ಏನು ಮಾತಾಡುತ್ತದೆಂದು ಅಫ್ತಾಬನಿಗೆ ಮೊದಲ ಬಾರಿ ಕೇಳಿಸಿತ್ತು. “ಇರ್ಲಿ ಬಿಡು,” ಎಂದು ಫೋನಿಟ್ಟ.

ಮರುದಿನ ಚಹಾ ಕುಡಿಯುತ್ತ ಗುಟ್ಟು ಬಿಟ್ಟುಕೊಡುವುದೆಂದು ಅವನ ಲೆಕ್ಕ. ಪರಶು ಅಷ್ಟರೊಳಗೆ ಪುಟವನ್ನು ಅಂತರ್ಜಾಲಕ್ಕೆ ಏರಿಸಿ ಮೇಡಂಗೆ ಕಳಿಸಿಬಿಟ್ಟಿದ್ದ. ಎಷ್ಟಾದರೂ ಫ್ಲೆಕ್ಸಿನವನ ಜೀವ. ಸಿಕ್ಕ ಸಿಕ್ಕ ರೈತರ ವಾಟ್ಸಾಪ್ ಗುಂಪಿಗೂ ಸುರಿದಿದ್ದ.

ಸೋಮವಾರ ಅಂಗಡಿಯ ಶಟರ್ ಏರುವ ಮೊದಲೇ ಹಳೆಯ ಸಿಮ್ ಬಡಿದುಕೊಂಡಿತು. “ಗೌಡ್ರ, ಮುದ್ದೇಬಿಹಾಳದಿಂದ್ರಿ. ಆಕಳ ಹೊಡ್ಕೊಂಡ್ ಯಾವಾಗ ಬರೂನ್ರಿ?” ಅಫ್ತಾಬನ ಬಾಯಿಂದ ತಾನಾಗಿಯೇ ಗೌಡರು ಹೊರಟರು. ಆಮೇಲೆ ಬಸವನ ಬಾಗೇವಾಡಿ, ಆಮೇಲೆ ಇಂಡಿ. ಒಬ್ಬ ಹೋರಿಯ ತಾಯಿಯ ವಿಚಾರ ಕೇಳಿದ. ಗೌಡರು ಮುತ್ತಜ್ಜಿಯವರೆಗೆ ವಂಶಾವಳಿ ಹೇಳಿದರು. ಮಧ್ಯಾಹ್ನಕ್ಕೆ ಗಂಟಲು ಹರಿದುಹೋಗಿ, ಫೋನ್ ಬಂದ್ ಮಾಡಿ ಕೂತ.

ಪರಶು ಓಡಿ ಬಂದ. “ಲೇ, ಗೌಡ್ರ ಫೋನ್ ಹತ್ತವಲ್ದು! ಮೇಡಂ ಗಿರಾಕಿ ಜೋಡಿ ಮಾತಾಡ್ಬೇಕಂತ, ಈಗಿಂದೀಗ! ಕೆಲಸ ಹ್ವಾದ್ಹಂಗs ನೋಡು!”

ಆ ಮುಖ ನೋಡಿ ಅಫ್ತಾಬ ಬಂದ್ ಮಾಡಿದ್ದ ಫೋನನ್ನು ಅವನ ಮುಂದಿಟ್ಟ. “ಪರಶ್ಯಾ, ಗೌಡ ಇಲ್ಲೇ ಅದಾನ,” ಎಂದ. ಬೇಡವೆಂದರೂ ಹೊರಟದ್ದು ಗೌಡರ ದನಿಯೇ. ಪರಶು ಹಿಂದಿರುಗಿ ನೋಡಿದ. ಯಾರೂ ಇಲ್ಲ. ಮತ್ತೆ ಅಫ್ತಾಬನ ಬಾಯಿ ನೋಡಿದ. ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದ.

“ಅಂದ್ರ ಇದೂ ಪ್ಯಾರಿಸ್ ಕಾಫಿ ಅಂಗಡಿನs ಏನಲೇ?”

ಅದೇ ಹೊತ್ತಿಗೆ ಬಸ್ಸಿಳಿದು ಬಂದವನು ಶಹಾಬುದ್ದೀನ ಕಾಕಾ. “ಅಫ್ತಾಬ! ನನ್ನ ಸರದಾರನ್ನ ಗೊಳಸಂಗಿ ಗೌಡಗ ಯಾವಾಗ ಮಾರಿದ್ನೋ? ಊರ ಹುಡುಗ್ರು ಫೋಟೋ ನೋಡಿ ಗುರ್ತ ಹಿಡದು, ಮಂದೀನ ನನ್ನ ಮನಿಗೇ ಕಳಸಾಕತ್ತಾರ. ಬಾಗಲದಾಗ ಆಕಳ ಸಂತಿ ನೆರದೈತಿ!”

ಅಫ್ತಾಬ ಕೆನ್ನೆ ಒಡ್ಡಿ ನಿಂತ. ಕಾಕಾ ಅವನನ್ನು ಸರಿಸಿ ಪರಶುವಿನತ್ತ ನಡೆದ. “ಇದನ್ನ ಮಾಡಿದವ ನೀನೇನು? ಗೌಡನ್ನ ತಗಿ, ನನ್ನ ಹೆಸರ ಹಾಕು. ಸೈಟ್ ಇರ್ಲಿ.”

ಪರಶು ಮೇಡಂಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಬಿಚ್ಚಿ ಹೇಳಿ, ಫೋನನ್ನು ಕಾಕಾನ ಕೈಗೆ ಕೊಟ್ಟ.

“ಹೌದ್ರಿ ಬಾಯಾರ, ಹೋರಿ ನಂದು, ಸೈಟೂ ನಂದು. ಏನಂದ್ರಿ? ಹಾಂ, ಉಸರಾಡಾಕತ್ತೇನ್ರಿ!” ಕಾಕಾ ಕಿವಿಯಿಂದ ಫೋನ್ ತೆಗೆದ. “ಆ ಮೇಡಂ ನಗಾಕತ್ತಾಳ. ನಾಳಿಂದ ಕೆಲಸಕ್ಕ ಬಾ ಅಂತ ನಿನಗ. ಮತ್ತ ತಮ್ಮಾ, ಹೋರಿ ಸುತ್ತ ಭಾಳ ಖಾಲಿ ಐತಲ್ಲ, ಅಲ್ಲಿ ನಮ್ಮ ಹಿತೈಷಿಗಳ್ದು—”

“ಹಾಯ್ತೈತಿ ಕಾಕಾ!” ಎಂದು ಅಫ್ತಾಬ ಗೌಡರ ದನಿಯಲ್ಲೇ ಕಿರುಚಿದ.

ಕಾಕಾ ತುಸು ಯೋಚಿಸಿ ತಲೆಯಾಡಿಸಿದ. “ಅದೂ ಖರೆ. ಆದ್ರ ನಂಬರ್ ಅಫ್ತಾಬಂದs ಇರ್ಲಿ. ನನಗ ಹೊಲದ ಕೆಲಸ ಐತಿ. ಫೋನ್ ಚಾಲೂ ಮಾಡಲೇ!”

ಚಾಲೂ ಮಾಡಿದ್ದೇ ತಡ, ಬಡಿದುಕೊಂಡಿತು. ಅಫ್ತಾಬ ಹರಿದ ಗಂಟಲಲ್ಲಿ “ಹಲೋ, ಗೌಡ...” ಎಂದ. ಚಹಾದಂಗಡಿಯವ ನಕ್ಕ, ಕಾಕಾ ನಕ್ಕ. ಸ್ಟೂಲಿನಿಂದ ಜಾರಿ ನೆಲಕ್ಕೆ ಬಿದ್ದು, ಹೊಟ್ಟೆ ಹಿಡಿದುಕೊಂಡು ಪರಶು ನಕ್ಕ ನಗೆಗೆ ಹೊರಟಿದ್ದ ಬಸ್ಸು ನಿಂತಿತು. ಈ ಸಲ ಕಂಡಕ್ಟರ್ ಒಳಗೇ ಇದ್ದ.