ಎಡಗಡೆ

"ಮಾವಾ, ಸೈಕಲ್ಲು!"

ಭಾನು ಕೂಗುವಷ್ಟರಲ್ಲಿ ಕಾರಿನ ಎಡಗನ್ನಡಿ ಹುಲ್ಲಿನ ಹೊರೆಗೆ ಬಡಿದು ಫಟ್ಟನೆ ಮಡಚಿಕೊಂಡಿತ್ತು. ಅವಳು ಸೀಟಿನಲ್ಲೇ ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದಳು. ಸೈಕಲ್ ಸವಾರ ರಸ್ತೆಯಂಚಿನ ಮಣ್ಣಿಗಿಳಿದು, ಒಂದು ಕಾಲು ನೆಲಕ್ಕೆ ಊರಿ, ವಾಲುತ್ತಿದ್ದ ಹೊರೆಯನ್ನು ಬೆನ್ನಿನಿಂದ ತಡೆದು ನಿಂತಿದ್ದ. ಬಿದ್ದಿರಲಿಲ್ಲ. ಕೈಯೆತ್ತಿ ಬೈಯುತ್ತಿದ್ದುದು ಕಾಣಿಸಿತು, ಕೇಳಿಸಲಿಲ್ಲ.

"ಅಡ್ಡ ಬಂದ್ಬುಟ್ಟ," ಎಂದ ಪುಟ್ಟಬಸಪ್ಪ. ಕಾರು ನಿಲ್ಲಿಸಲಿಲ್ಲ.

ಅಡ್ಡ ಬಂದಿರಲಿಲ್ಲ. ಗುಂಡ್ಲುಪೇಟೆ ಬಿಟ್ಟ ಮೇಲೆ ರಸ್ತೆ ಅಲ್ಲಿ ನೇರವಾಗಿತ್ತು. ಸೈಕಲ್ಲನ್ನು ಭಾನು ದೂರದಿಂದಲೇ ನೋಡುತ್ತ ಬಂದಿದ್ದಳು. ಮಾವ ಈಗ ಬಲಕ್ಕೆ ಸರಿಯುತ್ತಾರೆ, ಈಗ ಸರಿಯುತ್ತಾರೆ ಎಂದುಕೊಂಡಿದ್ದಳು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯನಿಗೆ ಸೈಕಲ್ಲು ತೋರಿಸುವುದು ಸೊಸೆಯ ಕೆಲಸವಲ್ಲ ಎಂದು ಸುಮ್ಮನಿದ್ದಳು.

ಹಿಂದಿನ ಸೀಟಿನಲ್ಲಿ ಅತ್ತೆ ಮರಿತಾಯಮ್ಮ ಮೊಮ್ಮಗಳ ಬಾಯಿಗೆ ಪ್ಲಾಸ್ಟಿಕ್ ಕವರು ಹಿಡಿದು ಕೂತಿದ್ದಳು. ಆರು ವರ್ಷದ ಶಿವರಂಜಿನಿಗೆ ಬೆಳಿಗ್ಗೆ ತಿಂದ ಇಡ್ಲಿ ಹೊಟ್ಟೆಯಲ್ಲಿ ನಿಂತಿರಲಿಲ್ಲ. ಅವಳು ಕವರಿನಿಂದ ಮುಖವೆತ್ತಿ ಕೇಳಿದಳು.

"ಅಜ್ಜಿ, ನೀನ್ಯಾಕ ಇವತ್ತು ಹೇಳ್ನಿಲ್ಲ?"

"ಏನ ಹೇಳದು? ಸುಮ್ನ ಮನಿಕೊ."

"ತಾತಂಗ. ಸೈಕಲ್ ಬತ್ತದ ಅಂತ. ಸ್ಕೂಲಿಗೆ ಹೋಗ್ವಾಗ ದಿನಾ ಹೇಳ್ತೀಯಲ್ಲ?"

ಮರಿತಾಯಮ್ಮ ಮಗುವಿನ ತಲೆಯನ್ನು ತೊಡೆಗೆ ಒತ್ತಿಕೊಂಡಳು. ಪುಟ್ಟಬಸಪ್ಪ ಗೇರು ಬದಲಾಯಿಸಿದ. ಆ ಕೈ ಎಂದಿನಂತೆಯೇ ಸಲೀಸಾಗಿ, ಸದ್ದಿಲ್ಲದೆ ಹೋಗಿ ಬಂತು.

ಹೊರಡುವಾಗ ಮನೆಯ ಮುಂದೆ ನಡೆದ ಸಣ್ಣ ಜಗ್ಗಾಟ ಭಾನುವಿಗೆ ನೆನಪಾಯಿತು. ರಂಜು ಅಜ್ಜಿಯ ತೊಡೆ ಮೇಲೆಯೇ ಮಲಗುತ್ತೇನೆಂದು ಹಟ ಹಿಡಿದಿದ್ದಳು. ಅತ್ತೆ ಮಾತ್ರ, "ನಾನು ಮುಂದ್ಗಡನೇ ಕೂತ್ಕಬೇಕು, ಮಗ ನಿನ್ ತಾವೇ ಇರ್ಲಿ," ಎಂದು ಬಾಗಿಲು ಹಿಡಿದು ನಿಂತುಬಿಟ್ಟಿದ್ದಳು. ಕೊನೆಗೆ ಮಗುವಿನ ಅಳುವಿಗೆ ಸೋತು ಹಿಂದೆ ಹತ್ತಿದ್ದಳು. ಮುಂದಿನ ಸೀಟಿನ ಆಸೆ ಈ ವಯಸ್ಸಿನಲ್ಲೂ ಹೋಗಿಲ್ಲವಲ್ಲ ಎಂದು ಭಾನುವಿಗೆ ಆಗ ನಗು ಬಂದಿತ್ತು.

ಐದಾರು ತಿಂಗಳಿಂದ ಅತ್ತೆ ರಂಜುವನ್ನು ಸ್ಕೂಲಿಗೆ ಬಿಡಲು ತಾನೂ ಹೋಗುತ್ತಿದ್ದಳು. ದಾರಿಯಲ್ಲಿ ದೇವಸ್ಥಾನಕ್ಕೆ ಕೈಮುಗಿದಂತಾಯಿತು ಎನ್ನುತ್ತಿದ್ದಳು. ಕಾರಿನಲ್ಲಿ ಕೂತರೆ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ. 'ಅಯ್ಯೋ, ಎಸ್ಟೊಂದು ಕುರಿ ಬತ್ತಾವ!' 'ಯಾರೋ ಹೆಂಗ್ಸು ನಿಂತವಳ, ಕಂಕುಳಲ್ಲಿ ಮಗ.' 'ಲಾರಿ ನಿಲ್ಸ್ಬುಟ್ಟವನ ನೋಡಿ ರೋಡಲ್ಲೇ.' ವಯಸ್ಸಾದಂತೆ ಅಮ್ಮನಿಗೆ ಮಾತು ಜಾಸ್ತಿಯಾಯಿತು ಎಂದು ಭಾನುವೂ ಗಂಡ ಶಿವಶಂಕರನೂ ಒಮ್ಮೆ ನಕ್ಕಿದ್ದರು. ಆ ಕುರಿ, ಆ ಹೆಂಗಸು, ಆ ಲಾರಿ ಎಲ್ಲವೂ ಎಡಗಡೆಯವೇ ಎಂದು ಈಗ ಹೊಳೆಯಿತು. ಬಲಗಡೆಯ ಒಂದು ನಾಯಿಯನ್ನೂ ಅತ್ತೆ ಹೆಸರಿಸಿದ್ದಿಲ್ಲ.

ಭಾನು ಫೋನು ತೆಗೆದು ಗಂಡನಿಗೆ ಹಚ್ಚಿದಳು. ಅರಣ್ಯ ಇಲಾಖೆಯ ಅವನಿಗೆ ಆ ದಿನ ಬಂಡೀಪುರದ ಒಳಗೆ ಡ್ಯೂಟಿ. ಸಂಪರ್ಕ ಸಿಗಲಿಲ್ಲ.

"ತೆರಕಣಾಂಬಿಲಿ ಒಂದ್ ನಿಮಿಷ ನಿಲ್ಸಿ ಮಾವ. ರಂಜುಗೆ ಸೋಡಾ ಕುಡಿಸ್ತೀನಿ."

"ಮುಹೂರ್ತ ಹತ್ತೂವರೆಗ. ನಿಂತ್ಕಂಡ್ರ ಆಗದಿಲ್ಲ."

ಚಾಮರಾಜನಗರದಲ್ಲಿ ಮರಿತಾಯಮ್ಮನ ಅಣ್ಣನ ಮಗಳ ಮದುವೆ. ಪುಟ್ಟಬಸಪ್ಪ ಹೊಸ ಬಿಳಿ ಅಂಗಿ ತೊಟ್ಟಿದ್ದ. ಬೆಳಿಗ್ಗೆ ಆರಕ್ಕೇ ಎದ್ದು ಕಾರು ತೊಳೆದು ಒರೆಸಿ ಗಂಧದಕಡ್ಡಿ ಹಚ್ಚಿದ್ದ. ಭಾನು ಅವನ ಮುಖವನ್ನು ಓರೆಗಣ್ಣಿನಲ್ಲಿ ನೋಡಿದಳು. ಅವಳ ಕಡೆಗಿದ್ದ ಎಡಗಣ್ಣು ತೆರೆದೇ ಇತ್ತು, ಸ್ವಚ್ಛವಾಗಿತ್ತು. ಅವಳು ನೋಡುತ್ತಿರುವುದು ಮಾತ್ರ ಅದಕ್ಕೆ ತಿಳಿದ ಹಾಗೆ ಕಾಣಲಿಲ್ಲ.

ತೆರಕಣಾಂಬಿಯ ಅಂಗಡಿಸಾಲು ಬಂತು. ಬಸ್ಸಿಗೆ ಕಾದು ನಿಂತ ಜನ ರಸ್ತೆಗೇ ಇಳಿದಿದ್ದರು.

"ಎಡಗಡೆ ಆಟೋ ನಿಂತದೆ ಮಾವ."

"ಕಾಣ್ತದ."

"ಅದರ ಮುಂದೆ ಇಬ್ಬರು ಹುಡುಗಿಯರು. ದಾಟ್ತಾವ್ರೆ."

ಕಾರು ಗಕ್ಕನೆ ನಿಂತಿತು. ಯೂನಿಫಾರಂ ತೊಟ್ಟ ಹುಡುಗಿಯರು ಬಾನೆಟ್ಟಿನ ಮುಂದೆಯೇ ಹಾದುಹೋದರು. ಅವರು ಎದುರಿಗೆ ಬಂದಾಗ ಪುಟ್ಟಬಸಪ್ಪನ ತಲೆ ಸ್ವಲ್ಪ ಹಿಂದಕ್ಕೆ ಸರಿದದ್ದನ್ನು, ಗಾಳಿಯಿಂದ ಯಾರೋ ಇಳಿದು ಬಂದರೇನೋ ಎಂಬಂತೆ ಬೆಚ್ಚಿದ್ದನ್ನು ಭಾನು ಕಂಡಳು.

ಊರು ದಾಟಿದ ಮೇಲೆ ಅವಳು ಮತ್ತೆ, "ಎಡಕ್ಕೆ ಬೈಕು," ಎಂದಳು.

ಪುಟ್ಟಬಸಪ್ಪ ಸಿಡಿದ. "ನೀನೇನ ನಂಗ ಕಲಿಸದು? ಕ್ಲಚ್ಚು ಯಾವ್ದು, ಬ್ರೇಕು ಯಾವ್ದು ಅಂತ ನಿಂಗ ತೋರ್ಸ್ಕೊಟ್ಟೋನು ನಾನು! ಬಾಯ್ ಮುಚ್ಕಂಡು ಕೂತ್ಕ. ಇಲ್ದಿದ್ರ ಇಳಿದು ಬಸ್ಸಲ್ಲಿ ಬಾ."

ಮದುವೆಯಾಗಿ ಎಂಟು ವರ್ಷದಲ್ಲಿ ಮಾವ ಅವಳ ಮೇಲೆ ದನಿಯೆತ್ತಿದ್ದು ಇದೇ ಮೊದಲು. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಾಗ, ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲಲಿ ಎಂದು ಮನೆಯವರಿಗೆಲ್ಲ ಎದುರು ನಿಂತು ಕಳಿಸಿದವನು ಅವನು. ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿದವನೂ ಅವನೇ. ಆಮೇಲೆ ಮಾತ್ರ ಒಂದು ದಿನವೂ ಮೈನ್ ರೋಡಿನಲ್ಲಿ ಓಡಿಸಲು ಬಿಟ್ಟಿರಲಿಲ್ಲ.

ಭಾನುವಿನ ಕಣ್ಣು ತುಂಬಿತು. ಸರಿ, ಮುಚ್ಚಿಕೊಂಡೇ ಕೂರುತ್ತೇನೆ ಎಂದುಕೊಂಡಳು.

ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು ಶ್ರಾವಣದ ಬಿಸಿಲಿಗೆ ಹಳದಿಯಾಗಿ ಉರಿಯುತ್ತಿದ್ದವು. ಮುಂದೆ ಎಡಗಡೆಯ ಹೊಲದ ದಾರಿಯಿಂದ ಹೂವಿನ ಮೂಟೆ ಹೇರಿದ ಟ್ರ್ಯಾಕ್ಟರೊಂದು ರಸ್ತೆಯತ್ತ ಏರಿ ಬರುತ್ತಿತ್ತು. ಅದರ ಚಾಲಕ ಕತ್ತು ತಿರುಗಿಸಿ ಹಿಂದೆ ಮೂಟೆಗಳ ಮೇಲೆ ಕೂತ ಹೆಂಗಸರಿಗೆ ಏನೋ ಹೇಳುತ್ತಿದ್ದ. ಭಾನು ಅದನ್ನು ನೋಡಿದಳು. ಮಾತಾಡಲಿಲ್ಲ. ಕೋಪಕ್ಕೋ, ಅಥವಾ ಇದೊಂದಾದರೂ ಮಾವನಿಗೆ ಕಾಣಲಿ, ನಾನಂದುಕೊಂಡದ್ದೆಲ್ಲ ಸುಳ್ಳಾಗಲಿ ಎಂಬ ಆಸೆಗೋ, ಅವಳಿಗೇ ಗೊತ್ತಾಗಲಿಲ್ಲ. ಟ್ರ್ಯಾಕ್ಟರಿನ ಮುಂದಿನ ಗಾಲಿ ಡಾಂಬರಿಗೆ ಹತ್ತಿತು. ಕಾರಿನ ವೇಗ ಇಳಿಯಲಿಲ್ಲ.

"ಎಡಕ್ಕ! ಎಡಕ್ಕ ಟ್ರ್ಯಾಕ್ಟ್ರು ಕಣೀ!"

ಕಿರುಚಿದ್ದು ಮರಿತಾಯಮ್ಮ. ಅದೇ ಕ್ಷಣ ಭಾನು ಸ್ಟೇರಿಂಗಿಗೆ ಕೈ ಹಾಕಿ ಬಲಕ್ಕೆ ಎಳೆದಳು. ಪುಟ್ಟಬಸಪ್ಪನ ಕಾಲು ಬ್ರೇಕನ್ನು ತುಳಿಯಿತು. ಗಾಲಿಗಳು ಅರಚಿದವು. ಬಾನೆಟ್ಟಿನ ಎಡ ಮೂಲೆಯನ್ನು ಮುಟ್ಟಿಯೂ ಮುಟ್ಟದಂತೆ ಹಳದಿ ಗೋಡೆಯೊಂದು ಸರಿದುಹೋಯಿತು. ಕಾರು ರಸ್ತೆಯ ಬಲ ಅಂಚಿಗೆ ಇಳಿದು, ಒಮ್ಮೆ ಕುಕ್ಕಿ, ಆಫ್ ಆಯಿತು. ಎದುರಿನಿಂದ ಏನೂ ಬರುತ್ತಿರಲಿಲ್ಲ.

ರಂಜು ಜೋರಾಗಿ ಅಳತೊಡಗಿದಳು. ಮುಂದಿನ ಸೀಟಿಗೆ ಬಡಿದು ತುಟಿ ಒಡೆದಿತ್ತು. ಟ್ರ್ಯಾಕ್ಟರಿನವನು ದೂರದಿಂದಲೇ ಅಪ್ಪ ಅಮ್ಮನ ಹೆಸರೆತ್ತಿ ಬೈದು, ಮೂಟೆಗಳನ್ನೊಮ್ಮೆ ನೋಡಿಕೊಂಡು, ತನ್ನ ದಾರಿ ಹಿಡಿದ.

ಪುಟ್ಟಬಸಪ್ಪ ಮೊಮ್ಮಗಳ ಬಾಯಿಯ ರಕ್ತ ನೋಡಿದ. ಕೀ ಕಿತ್ತುಕೊಂಡು, ಬಾಗಿಲು ತೆರೆದು, ಹೂವಿನ ಹೊಲದ ಬದುವಿನ ಮೇಲೆ ನಡೆದುಹೋದ.

ಭಾನು ಮಗಳನ್ನು ಎತ್ತಿಕೊಂಡು ತುಟಿಗೆ ನೀರು ಹಾಕಿದಳು. ಗಾಯ ಸಣ್ಣದು.

"ಎಷ್ಟು ದಿನದಿಂದ ಅತ್ತೆ?"

"ಯುಗಾದಿಗೂ ಮುಂಚ್ಲಿಂದ." ಮರಿತಾಯಮ್ಮ ಸೆರಗಿನಿಂದ ಮುಖ ಒತ್ತಿಕೊಂಡಳು. "ಎಡಗಣ್ಣು ಪೂರ್ತಿ ಕತ್ಲ ಅಂತಾರ. ಬಲಗಣ್ಣಲ್ಲಿ ನೇರಕ್ಕ ಇದ್ದುದ್ದು ಮಾತ್ರ ಕಾಣ್ತದಂತ. ಯಾರ್ಗೂ ಹೇಳ್ಬೇಡ ಅಂತ ಆಣ ಮಾಡ್ಸ್ಕಂಡ್ರು."

"ನನ್ನ ಮಗಳು ಕೂತ್ಕೋತಿದ್ಲಲ್ಲ ಅತ್ತೆ ಇದರಲ್ಲಿ, ದಿನಾ!"

"ಅದ್ಕೇ ಕಣವ್ವ ನಾನೂ ಕೂತ್ಕತಿದ್ದುದು. ಏನಾರ ಆಗದಾದ್ರ ಮೂರು ಜನಕ್ಕೂ ಆಗ್ಲಿ ಅಂತ." ಅವಳು ಹೊಲದ ಕಡೆ ನೋಡಿದಳು. "ಕಾರು ಬುಟ್ರ ಅವ್ರಿಗ ಇನ್ನೇನದ ಹೇಳು."

ಭಾನು ಮಗಳನ್ನು ಅತ್ತೆಯ ಕೈಗೆ ಕೊಟ್ಟು ಬದುವಿನ ಮೇಲೆ ನಡೆದಳು. ಹೇಳಬೇಕಾದ ಮಾತುಗಳನ್ನೆಲ್ಲ ಹಲ್ಲಿನ ಹಿಂದೆ ಸಾಲಾಗಿ ನಿಲ್ಲಿಸಿಕೊಂಡೇ ಹೊರಟಿದ್ದಳು. ನನ್ನ ಮಗುವಿನ ಜೀವ ನಿಮಗೆ ಆಟವಾಯಿತೇ ಎಂದು ಕೇಳುವವಳಿದ್ದಳು.

ಪುಟ್ಟಬಸಪ್ಪ ಹೊಲಕ್ಕೆ ಮುಖ ಮಾಡಿ ನಿಂತಿದ್ದ. ಭಾನು ಅವನ ಎಡಗಡೆಗೆ ಬಂದು ನಿಂತಳು. ಕೈ ಚಾಚಿದರೆ ಭುಜಕ್ಕೆ ತಾಗುವಷ್ಟು ಹತ್ತಿರ. ರಸ್ತೆಯಲ್ಲಿ ಬಸ್ಸೊಂದು ಅಬ್ಬರಿಸಿ ಹೋಗುತ್ತಿದ್ದುದರಿಂದ ಅವಳ ಹೆಜ್ಜೆಯ ಸದ್ದು ಕೇಳಿಸಿರಲಿಕ್ಕಿಲ್ಲ. ಅವನು ತಿರುಗಲಿಲ್ಲ. ಅಲ್ಲಿ ಯಾರೂ ಇಲ್ಲವೆಂಬಂತೆ, ಹೊಸ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಮತ್ತೆ ಒರೆಸಿಕೊಂಡ. ಬಾಯಿಯಿಂದ ಸಣ್ಣ ಮಕ್ಕಳಂಥ ದನಿಯೊಂದು ಬಂತು. ಅದನ್ನು ಮುಚ್ಚಲು ಮುಷ್ಟಿಯನ್ನು ಹಲ್ಲಿಗೆ ಒತ್ತಿಕೊಂಡ.

ಭಾನು ಉಸಿರು ಬಿಗಿಹಿಡಿದಳು. ಬಂದ ದಾರಿಯಲ್ಲೇ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು, ಅವನ ಬೆನ್ನ ಹಿಂದೆ ಸುತ್ತು ಹಾಕಿ ಬಲಗಡೆಗೆ ಬಂದಳು. ಒಂದಿಷ್ಟು ದೂರದಲ್ಲೇ ನಿಂತು ಕೆಮ್ಮಿದಳು.

ಅವನು ಮುಖ ಸರಿಮಾಡಿಕೊಂಡ. "ಮಗೀಗ ಎಂಗದ?"

"ಚೆನ್ನಾಗವಳೆ. ತುಟಿ ಸ್ವಲ್ಪ ಒಡೆದದೆ."

"ಮೂವತ್ತೊಂದು ವರ್ಸ," ಎಂದ. "ಊಟಿ ಘಾಟಿಲಿ, ಮಂಜಲ್ಲಿ, ಮಳಲಿ. ಒಂದು ಕೋಳಿನೂ ಸಾಯ್ಸಿಲ್ಲ ಕಣವ್ವ ನಾನು."

"ಗೊತ್ತು ಮಾವ. ಅದು ಹಂಗೇ ಇರ್ಲಿ ಅಂತಲೇ ಕೇಳ್ತಿದೀನಿ. ಕೀ ಕೊಡಿ."

ಅವನ ಮುಷ್ಟಿಯೊಳಗೆ ಕೀ ಇತ್ತು. ಬೆರಳು ಸಡಿಲಲಿಲ್ಲ.

"ನೀನು ಈ ರೋಡಲ್ಲಿ ಓಡ್ಸಿಲ್ಲ."

"ನೀವು ಬುಡಲೇ ಇಲ್ಲವಲ್ಲ."

"ಗೇರ್ ತಡಕಾಡ್ತೀಯ."

"ತಡಕಾಡ್ತೀನಿ," ಎಂದಳು ಭಾನು. "ಆದ್ರೆ ನಂಗೆ ಕಾಣ್ತದೆ ಮಾವ."

ಆಡಿದ ಮೇಲೆ, ಆಡಬಾರದಿತ್ತೇನೋ ಎನ್ನಿಸಿತು. ಪುಟ್ಟಬಸಪ್ಪ ಅವಳನ್ನೇ ನೋಡಿದ. ನೋಡಲು ಮುಖವನ್ನು ಪೂರ್ತಿ ತಿರುಗಿಸಬೇಕಾಯಿತು. ಆಮೇಲೆ ಕಾರಿನ ಕಡೆ ನಡೆದ. ಕೀಯನ್ನು ಅವಳ ಕೈಗೆ ಕೊಡಲಿಲ್ಲ, ಬಾನೆಟ್ಟಿನ ಮೇಲಿಟ್ಟ. ಕಾರನ್ನು ಸುತ್ತಿ ಹೋಗಿ ಎಡಗಡೆಯ ಬಾಗಿಲು ತೆರೆದು ಕೂತ.

ಮೊದಲ ಸಲ ಕ್ಲಚ್ ಬಿಟ್ಟಾಗ ಕಾರು ರಸ್ತೆಗೆ ಜಿಗಿದು ಅಡ್ಡಲಾಗಿ ಆಫ್ ಆಯಿತು. ಎರಡನೆಯ ಸಲವೂ. ಹಿಂದೆ ಬಂದು ನಿಂತ ಲಾರಿ ಹಾರನ್ ಒತ್ತಿ ಹಿಡಿಯಿತು. ಭಾನುವಿನ ರವಿಕೆ ಬೆನ್ನಿಗಂಟಿತು. ಮಾವ ಏನಾದರೂ ಹೇಳುತ್ತಾರೆಂದು ಕಾದಳು, ಬೈದರೂ ಸಾಕಿತ್ತು. ಅವನು ನೇರ ಮುಂದಕ್ಕೆ ನೋಡುತ್ತ, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದ. ಮೂರನೆಯ ಸಲ ಕಾರು ಚಲಿಸಿತು.

ಮೂವತ್ತರ ವೇಗ ದಾಟದೆ ಅವಳು ಓಡಿಸಿದಳು. ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು ದಾಟಿಹೋದರು. ಎದುರಿಗೆ ಬಸ್ಸು ಬಂದಾಗ ಹಲ್ಲು ಕಚ್ಚಿದಳು. ಚಾಮರಾಜನಗರದೊಳಗೆ, ಬಸ್ ಸ್ಟ್ಯಾಂಡಿನ ಹತ್ತಿರದ ದಟ್ಟಣೆಯಲ್ಲಿ, ತಳ್ಳುಗಾಡಿ ಆಟೋಗಳ ನಡುವೆ ಕಾರು ಇನ್ನೆರಡು ಸಲ ಆಫ್ ಆಯಿತು. ಹಿಂದೆ ಮರಿತಾಯಮ್ಮ ಮಗುವನ್ನು ತಟ್ಟುತ್ತ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು.

ಛತ್ರದ ಗೇಟಿನಲ್ಲಿ ಮರಿತಾಯಮ್ಮನ ತಮ್ಮ ನಿಂಗರಾಜು ನಿಂತಿದ್ದ. ಕಾರಿನೊಳಗೆ ಬಗ್ಗಿ ನೋಡಿ ಹುಬ್ಬೇರಿಸಿದ.

"ಏನ್ ಭಾವ, ಇವತ್ತು ಸೊಸೆನಾ ಡ್ರೈವರ್ರು? ನೀವೇನು, ಓನರ್ರಾ?"

ಪುಟ್ಟಬಸಪ್ಪ ನಗಲಿಲ್ಲ. ನಿಂಗರಾಜುವಿನ ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಗಟ್ಟಿಮೇಳ ಮೊಳಗಿತು. "ಬನ್ನಿ ಬನ್ನಿ, ಧಾರೆ ಆಯ್ತಾ ಅದ," ಎನ್ನುತ್ತ ಅವನು ಒಳಗೆ ಓಡಿದ. ಮರಿತಾಯಮ್ಮ ರಂಜುವಿನ ಕೈ ಹಿಡಿದು ಅವನ ಹಿಂದೆಯೇ ಇಳಿದುಹೋದಳು. ಅಂಗಳದಲ್ಲಿದ್ದ ಗಂಡಸರೆಲ್ಲ ಅಕ್ಷತೆ ಹಾಕಲು ಬಾಗಿಲಿಗೆ ನುಗ್ಗಿದರು.

ಜಾಗ ಉಳಿದಿದ್ದುದು ಮೂಲೆಯಲ್ಲಿ ಮಾತ್ರ. ಒಂದು ಕಡೆ ಅಡುಗೆಯವರ ವ್ಯಾನು, ಇನ್ನೊಂದು ಕಡೆ ಚಪ್ಪಡಿಯಿಲ್ಲದ ಚರಂಡಿ. ರಿವರ್ಸಿನಲ್ಲೇ ಹೋಗಬೇಕು. ಭಾನು ಗೇರು ಹಾಕಿ ಕನ್ನಡಿ ನೋಡಿದಳು, ತಿರುಗಿ ಗಾಜು ನೋಡಿದಳು. ಬ್ರೇಕಿನಿಂದ ಕಾಲೆತ್ತಲು ಧೈರ್ಯ ಸಾಲಲಿಲ್ಲ.

ಎಡಗಡೆಯ ಬಾಗಿಲು ತೆರೆಯಿತು. ಪುಟ್ಟಬಸಪ್ಪ ಇಳಿದ. ಒಳಗೆ ಹೋಗುತ್ತಾರೆಂದುಕೊಂಡಳು. ಅವನು ಕಾರಿನ ಮೈಮೇಲೆ ಕೈಯಾಡಿಸುತ್ತ ಹಿಂದಕ್ಕೆ ಬಂದ. ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ ಚರಂಡಿಯನ್ನು ನೋಡಿದ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ವ್ಯಾನನ್ನು ನೋಡಿದ. ಮತ್ತೊಮ್ಮೆ ಎಡಕ್ಕೆ.

ನಾದಸ್ವರದ ಸದ್ದಿನ ನಡುವೆ ಅವನ ಅಂಗೈ ಡಿಕ್ಕಿಯ ಮೇಲೆ ಎರಡು ಸಲ ಬಡಿಯಿತು. ಭಾನು ಬ್ರೇಕಿನಿಂದ ಮೆಲ್ಲಗೆ ಕಾಲೆತ್ತಿದಳು.